ಮಾತ್ರೆ, ಮದ್ದು, ಅನುಪಾನ: ಔಷಧ ಕೊಡುವ ಶಾಸ್ತ್ರದ ಮೊದಲ ಪಾಠಗಳು

‘ಮಾತ್ರೆ’ ಎಂದೊಡನೆ ಕನ್ನಡ ವಿದ್ಯಾರ್ಥಿಯ ಮನಸ್ಸಿಗೆ ಬರುವುದು ಛಂದಸ್ಸು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಂದ ರಗಳೆ, ಷಟ್ಪದಿಗಳು ನಡೆಯುತ್ತವೆ. ಅದೇ ಪದ ಆಸ್ಪತ್ರೆಯಲ್ಲಿ ಗುಳಿಗೆಯ ಹೆಸರಾಗಿದೆ. ಎರಡು ಬಳಕೆಗಳಿಗೂ ಮೂಲವಾದ ಸಂಸ್ಕೃತದ ‘ಮಾತ್ರಾ’ ಶಬ್ದಕ್ಕೆ ಅಳತೆ ಎಂಬುದೇ ಅರ್ಥ. ಆಯುರ್ವೇದದ ಗ್ರಂಥಗಳಲ್ಲಿ ಮಾತ್ರೆಯೆಂದರೆ ರೋಗಿಗೆ ಸಲ್ಲಬೇಕಾದ ಔಷಧದ ಪ್ರಮಾಣ. ಕಾಲಕ್ರಮದಲ್ಲಿ ಆಡುಮಾತಿನಲ್ಲಿ ಅಳತೆ ಮರೆಯಾಗಿ, ಅಳೆದ ವಸ್ತುವಷ್ಟೇ ಆ ಹೆಸರಿನಲ್ಲಿ ಉಳಿಯಿತು. ಭಾಷಾವಿಜ್ಞಾನಿಗೆ ಇದು ಅರ್ಥವ್ಯತ್ಯಾಸದ ಒಂದು ಉದಾಹರಣೆ. ರೋಗಿಯ ಹಾಸಿಗೆಯ ಬಳಿ ನಿಂತ ದಾದಿಗೆ ಅಪಾಯದ ಸೂಚನೆ. ‘ದಿನಕ್ಕೆ ಎರಡು ಮಾತ್ರೆ’ ಎಂಬ ಮಾತಿನಲ್ಲಿ ಎಣಿಕೆಯಿದೆ, ಅಳತೆಯಿಲ್ಲ. ಒಂದೇ ಔಷಧ ೨೫೦ ಮಿಲಿಗ್ರಾಮಿನ ಗುಳಿಗೆಯಾಗಿಯೂ ೫೦೦ ಮಿಲಿಗ್ರಾಮಿನ ಗುಳಿಗೆಯಾಗಿಯೂ ಅಂಗಡಿಯಲ್ಲಿ ದೊರೆಯುವಾಗ ಆ ಮಾತು ಅರ್ಧ ಸತ್ಯವಷ್ಟೇ ಆಗುತ್ತದೆ.

‘ಮದ್ದು’ ಎಂಬ ಪದ ಇನ್ನೂ ಕುತೂಹಲಕರವಾದುದು. ರೋಗಕ್ಕೆ ಮದ್ದು ಕೊಡುತ್ತಾರೆ, ವೈರಿಗೆ ಮದ್ದಿಕ್ಕುತ್ತಾರೆ, ತುಪಾಕಿಗೂ ಮದ್ದು ತುಂಬುತ್ತಾರೆ. ಗುಜರಾತಿಯ ‘ಗೋಳಿ’ ಶಬ್ದಕ್ಕೂ ಗುಳಿಗೆ ಮತ್ತು ಗುಂಡು ಎಂಬ ಎರಡು ಅರ್ಥಗಳಿವೆ. ಗುಣ ಮಾಡುವುದೂ ಕೊಲ್ಲುವುದೂ ಒಂದೇ ದ್ರವ್ಯದಿಂದ ಸಾಧ್ಯ ಎಂಬ ತಿಳಿವಳಿಕೆ ನಮ್ಮ ಭಾಷೆಗಳಲ್ಲಿ ಹಿಂದಿನಿಂದಲೂ ಬೇರೂರಿದೆ ಎನ್ನಬಹುದು. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನು ವಿಷವೈದ್ಯಕ್ಕೆಂದೇ ಮೀಸಲಿಟ್ಟನು. ಅವನಿಗೂ ಹಿಂದೆ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಈ ಗ್ರಂಥಗಳನ್ನು ಕನ್ನಡ ವಿಭಾಗಗಳಲ್ಲಿ ಶಾಸ್ತ್ರಸಾಹಿತ್ಯದ ಚರಿತ್ರೆಯಾಗಿ ಓದುತ್ತೇವೆ. ಅವು ನಿಂತ ನೆಲೆಯಾದ ಪ್ರಶ್ನೆ, ಎಂದರೆ ಯಾವ ದ್ರವ್ಯವನ್ನು ಯಾರಿಗೆ, ಎಷ್ಟು, ಯಾವುದರೊಡನೆ, ಯಾವಾಗ ಕೊಡಬೇಕು ಎಂಬುದು, ಇಂದು ಶುಶ್ರೂಷಾ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಎದುರಿಸುವ ಪ್ರಶ್ನೆಯೂ ಹೌದು.

ಈ ಪ್ರಶ್ನೆಯ ಆಧುನಿಕ ಉತ್ತರಗಳನ್ನು ತಿಳಿಯಲು ಗುಜರಾತಿನ ಮೂರು ನಗರಗಳು ಒಳ್ಳೆಯ ಪಾಠಶಾಲೆ. ವಡೋದರಾ ಔಷಧವನ್ನು ತಯಾರಿಸಿದ ಊರು. ಅಹಮದಾಬಾದು ತಯಾರಿಸುವುದರ ಜೊತೆಗೆ ಅದರ ಶಾಸ್ತ್ರವನ್ನು ಕಲಿಸಿದ ಊರು. ಸೂರತ್ ೧೯೯೪ರಲ್ಲಿ, ಒಂದೇ ವಾರದಲ್ಲಿ, ಔಷಧವನ್ನು ಹೇಗೆ ಕೊಡಬೇಕು ಮತ್ತು ಹೇಗೆ ಕೊಡಬಾರದು ಎಂಬುದನ್ನು ದೇಶಕ್ಕೆಲ್ಲ ತೋರಿಸಿದ ಊರು.

ಸೂರತ್ತಿನಲ್ಲಿ ೧೮೬೩ರಲ್ಲಿ ಹುಟ್ಟಿದ ತ್ರಿಭುವನದಾಸ ಕಲ್ಯಾಣದಾಸ ಗಜ್ಜರ್ ರಸಾಯನಶಾಸ್ತ್ರಜ್ಞರು. ಮಹಾರಾಜಾ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ೧೮೯೦ರಲ್ಲಿ ಬರೋಡಾದಲ್ಲಿ ಆರಂಭವಾದ ಕಲಾಭವನದ ಹಿಂದಿನ ಶಕ್ತಿ ಅವರೇ. ಅಲ್ಲಿ ತಾಂತ್ರಿಕ ವಿದ್ಯೆಯನ್ನು ದೇಶಭಾಷೆಯಲ್ಲಿ ಕಲಿಸುವ ಯತ್ನ ನಡೆಯಿತೆಂಬುದನ್ನು ಕನ್ನಡದ ವಿದ್ವಾಂಸರು ವಿಶೇಷವಾಗಿ ಗಮನಿಸಬೇಕು. ವಿಜ್ಞಾನದ ಕನ್ನಡವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಬರೋಡಾದ ಈ ಪ್ರಯೋಗ ಸಾಕಷ್ಟು ಪ್ರಸ್ತಾಪಗೊಂಡಿಲ್ಲ. ಗಜ್ಜರರೂ ಅವರ ಶಿಷ್ಯರಾದ ಕೋಟಿಭಾಸ್ಕರ್, ಬಿ. ಡಿ. ಅಮೀನ್ ಅವರೂ ಸೇರಿ ೧೯೦೭ರಲ್ಲಿ ಅಲೆಂಬಿಕ್ ಕೆಮಿಕಲ್ ವರ್ಕ್ಸ್ ಸ್ಥಾಪಿಸಿದರು. ‘ಅಲೆಂಬಿಕ್’ ಎಂದರೆ ಭಟ್ಟಿಯಿಳಿಸುವ ಪಾತ್ರೆ. ಮದ್ಯಸಾರ ಮತ್ತು ಅದರಲ್ಲಿ ಕರಗಿಸಿದ ಔಷಧಗಳೇ ಅದರ ಮೊದಮೊದಲ ಉತ್ಪನ್ನಗಳು. ೧೯೪೩ರಲ್ಲಿ ಅದೇ ಊರಿನಲ್ಲಿ ಸಾರಾಭಾಯಿ ಕೆಮಿಕಲ್ಸ್ ಆರಂಭವಾಯಿತು.

ಕಾರ್ಖಾನೆ ಬಂದುದರಿಂದ ಆದ ದೊಡ್ಡ ಬದಲಾವಣೆ ಯಾವುದು? ವೈದ್ಯನು ಕಲ್ವದಲ್ಲಿ ಅರೆದು ಕೊಡುವ ಮದ್ದಿನ ಪ್ರಮಾಣಕ್ಕೆ ಅವನ ಕೈಯೇ ಸಾಕ್ಷಿ. ಕಾರ್ಖಾನೆಯ ಗುಳಿಗೆಯಲ್ಲಿ ಔಷಧದ ತೂಕ ನಿಯಮಬದ್ಧ. ಅದನ್ನು ಪರೀಕ್ಷಿಸುವ ಕ್ರಮವನ್ನು ೧೯೫೫ರಲ್ಲಿ ಮೊದಲು ಪ್ರಕಟವಾದ ಭಾರತೀಯ ಔಷಧಕೋಶವೂ ೧೯೪೦ರ ಔಷಧ ಕಾಯಿದೆಯೂ ಗೊತ್ತುಪಡಿಸಿವೆ. ಆದರೆ ಈ ಭರವಸೆ ಚೀಟಿ ಅಂಟಿಸಿದ ಶೀಶೆಯವರೆಗೆ ಮಾತ್ರ. ಚೀಟಿಯ ಮೇಲೆ ಔಷಧದ ಮೂಲನಾಮ, ವ್ಯಾಪಾರನಾಮ, ಪ್ರಮಾಣ, ತಂಡದ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇಷ್ಟೂ ಇರುತ್ತವೆ. ಅಲ್ಲಿಂದ ರೋಗಿಯ ಬಾಯಿ ಅಥವಾ ರಕ್ತನಾಳದವರೆಗಿನ ದಾರಿಯನ್ನು ಕಾಯುವವಳು ದಾದಿ. ವೈದ್ಯನ ತಪ್ಪನ್ನು ಔಷಧಾಲಯದವನು ಹಿಡಿಯಬಹುದು, ಅವನ ತಪ್ಪನ್ನು ದಾದಿ ಹಿಡಿಯಬಹುದು. ದಾದಿಯ ತಪ್ಪನ್ನು ಹಿಡಿಯಲು ಅವಳ ಮುಂದೆ ರೋಗಿಯ ಹೊರತು ಬೇರಾರೂ ಇಲ್ಲ.

ಅಹಮದಾಬಾದಿನಲ್ಲಿ ೧೯೪೭ರಲ್ಲಿ ಎಲ್. ಎಂ. ಕಾಲೇಜ್ ಆಫ್ ಫಾರ್ಮಸಿ ಸ್ಥಾಪನೆಯಾಯಿತು. ೧೯೫೨ರಲ್ಲಿ ಕ್ಯಾಡಿಲಾ, ೧೯೫೯ರಲ್ಲಿ ಟೊರೆಂಟ್ ಸಂಸ್ಥೆಗಳು ತಲೆಯೆತ್ತಿದವು. ಇಂಥ ಕಾಲೇಜುಗಳಲ್ಲಿ ಕಲಿಸುವ ಔಷಧವಿಜ್ಞಾನವನ್ನು ಎರಡು ಪ್ರಶ್ನೆಗಳಿಗೆ ಇಳಿಸಬಹುದು: ಔಷಧ ದೇಹಕ್ಕೆ ಏನು ಮಾಡುತ್ತದೆ? ದೇಹ ಔಷಧಕ್ಕೆ ಏನು ಮಾಡುತ್ತದೆ? ಎರಡನೆಯದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ನುಂಗಿದ ಔಷಧ ಕರುಳಿನಲ್ಲಿ ಹೀರಲ್ಪಟ್ಟು, ಯಕೃತ್ತನ್ನು ಹಾದು, ರಕ್ತದೊಡನೆ ಹರಡಿ, ರೂಪಾಂತರ ಹೊಂದಿ, ಮೂತ್ರ ಅಥವಾ ಮಲದ ಮೂಲಕ ಹೊರಬೀಳುತ್ತದೆ. ಕೆಲವು ಔಷಧಗಳು ಯಕೃತ್ತಿನ ಈ ಮೊದಲ ಹಾಯ್ದಾಟದಲ್ಲೇ ಬಹುಪಾಲು ನಾಶವಾಗುತ್ತವೆ. ಎದೆಶೂಲೆಗೆ ಕೊಡುವ ನೈಟ್ರೋಗ್ಲಿಸರಿನ್ ಗುಳಿಗೆಯನ್ನು ನುಂಗಿಸದೆ ನಾಲಗೆಯ ಕೆಳಗಿಡುವುದು ಇದೇ ಕಾರಣದಿಂದ. ಮಾರ್ಗ ಬದಲಾದರೆ ಮಾತ್ರೆಯ ಅರ್ಥವೇ ಬದಲಾಗುತ್ತದೆ.

ಈ ತತ್ತ್ವಗಳೆಲ್ಲ ಒಂದೇ ಔಷಧದಲ್ಲಿ ಕಾಣಸಿಗುವುದು ಸೂರತ್ತಿನ ಪ್ರಕರಣದಲ್ಲಿ. ಪ್ಲೇಗು ಕನ್ನಡ ನಾಡಿಗೆ ಅಪರಿಚಿತವಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಬಂದ ಮಾರಿ ಆ ನಗರದ ನಕ್ಷೆಯನ್ನೇ ಬದಲಿಸಿತು. ಅನಂತಮೂರ್ತಿಯವರ ‘ಸಂಸ್ಕಾರ’ದ ನಾರಣಪ್ಪ ಶಿವಮೊಗ್ಗೆಯಿಂದ ತಂದ ಜ್ವರವೂ ಇದೇ. ಆದರೆ ದೇಶದಲ್ಲಿ ದಶಕಗಳ ಕಾಲ ಮರೆಯಾಗಿದ್ದ ಈ ರೋಗ ೧೯೯೪ರ ಸೆಪ್ಟೆಂಬರಿನ ಮೂರನೆಯ ವಾರದಲ್ಲಿ ಶ್ವಾಸಕೋಶದ ಪ್ಲೇಗಾಗಿ ಸೂರತ್ತಿನಲ್ಲಿ ಕಾಣಿಸಿಕೊಂಡಾಗ ಭೀತಿ ರೋಗಕ್ಕಿಂತ ಬೇಗ ಹಬ್ಬಿತು. ಲಕ್ಷಾಂತರ ಜನ ರೈಲು, ಬಸ್ಸುಗಳಲ್ಲಿ ಊರು ಬಿಟ್ಟರು. ಖಾಸಗಿ ವೈದ್ಯರಲ್ಲೂ ಅನೇಕರು ಚಿಕಿತ್ಸಾಲಯಗಳಿಗೆ ಬೀಗ ಹಾಕಿ ಹೊರಟರು. ಸರ್ಕಾರಿ ಆಸ್ಪತ್ರೆಯ ವೈದ್ಯರೂ ದಾದಿಯರೂ ಉಳಿದರು. ಆಗಸ್ಟ್ ೨೬ರಿಂದ ಅಕ್ಟೋಬರ್ ೫ರವರೆಗೆ ಎಂಟು ರಾಜ್ಯಗಳಿಂದ ೫,೧೫೦ ಶಂಕಿತ ಪ್ರಕರಣಗಳೂ ೫೩ ಸಾವುಗಳೂ ವರದಿಯಾದವು. ದೇಶದ ಔಷಧದಂಗಡಿಗಳ ಮುಂದೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಟೆಟ್ರಾಸೈಕ್ಲಿನ್.

ಈ ಔಷಧಕುಲದ ಮೊದಲನೆಯದಾದ ಕ್ಲೋರ್‌ಟೆಟ್ರಾಸೈಕ್ಲಿನ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಅವರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದು ೧೯೪೮ರಲ್ಲಿ ಪ್ರಕಟಪಡಿಸಿದ ವಸ್ತು. ಆ ಪ್ರಯೋಗಾಲಯದ ಸಂಶೋಧನೆಗಳ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಸೂರತ್ತಿನಲ್ಲಿ ಸಾಲುಗಟ್ಟಿ ನಿಂತವರಿಗೆ ಈ ಸಂಬಂಧ ಗೊತ್ತಿರಲು ಕಾರಣವಿರಲಿಲ್ಲ.

ಟೆಟ್ರಾಸೈಕ್ಲಿನ್ ರೋಗಾಣುವನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗಾಣುವಿನೊಳಗೆ ಪ್ರೋಟೀನು ತಯಾರಾಗುವ ಕಣಗಳಿಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಉಳಿದ ಕೆಲಸ ದೇಹದ ರಕ್ಷಣಾಶಕ್ತಿಯದು. ತಡೆ ಸಡಿಲವಾದೊಡನೆ ರೋಗಾಣು ಮತ್ತೆ ಬೆಳೆಯತೊಡಗುತ್ತದೆ. ಆದ್ದರಿಂದ ರಕ್ತದಲ್ಲಿ ಔಷಧದ ಮಟ್ಟ ಇಳಿಯದಂತೆ ನೋಡಿಕೊಳ್ಳಬೇಕು. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾಗುವ ಕಾಲಕ್ಕೆ ಅರ್ಧಾಯುವೆಂದು ಹೆಸರು. ಟೆಟ್ರಾಸೈಕ್ಲಿನ್ನಿನ ಅರ್ಧಾಯು ಸುಮಾರು ಎಂಟು ಗಂಟೆ; ಅದೇ ಕುಲದ ಡಾಕ್ಸಿಸೈಕ್ಲಿನ್ನಿನದು ಸುಮಾರು ಹದಿನೆಂಟು. ಮೊದಲನೆಯದನ್ನು ಆರು ಗಂಟೆಗೊಮ್ಮೆಯೂ ಎರಡನೆಯದನ್ನು ದಿನಕ್ಕೆ ಒಂದೆರಡು ಬಾರಿಯೂ ಕೊಡುವುದು ಈ ಲೆಕ್ಕದ ಮೇಲೆ. ‘ದಿನಕ್ಕೆ ನಾಲ್ಕು’ ಎಂಬುದನ್ನು ರೋಗಿ ತಿಂಡಿ, ಊಟ, ಕಾಫಿ, ಊಟ ಎಂದು ಅರ್ಥಮಾಡಿಕೊಂಡರೆ ರಾತ್ರಿಯ ಹತ್ತು ಹನ್ನೆರಡು ಗಂಟೆ ರೋಗಾಣುವಿಗೆ ಬಿಡುವು ದೊರೆಯುತ್ತದೆ. ಛಂದಸ್ಸಿನಂತೆ ಇಲ್ಲಿಯೂ ಮಾತ್ರೆ ಎಂಬುದು ಕಾಲದ ಅಳತೆಯೇ ಆಗಿಬಿಡುತ್ತದೆ.

ಇನ್ನು ಅನುಪಾನದ ವಿಷಯ. ಔಷಧದೊಡನೆ ಅಥವಾ ಅದರ ಹಿಂದೆಯೇ ಸೇವಿಸುವ ಹಾಲು, ಜೇನು, ತುಪ್ಪ, ಬಿಸಿನೀರುಗಳಿಗೆ ನಮ್ಮ ವೈದ್ಯಗ್ರಂಥಗಳು ಅನುಪಾನವೆಂದು ಹೆಸರಿಟ್ಟು ರೋಗರೋಗಕ್ಕೂ ಬೇರೆ ಬೇರೆ ಅನುಪಾನಗಳನ್ನು ವಿಧಿಸಿವೆ. ಆಧುನಿಕ ಶಿಕ್ಷಣ ಪಡೆದ ಕೆಲವರು ಇದನ್ನು ಕಂದಾಚಾರವೆಂದು ಬದಿಗಿಡುವುದುಂಟು. ಟೆಟ್ರಾಸೈಕ್ಲಿನ್ ಅವರಿಗೆ ಉತ್ತರ ಕೊಡುತ್ತದೆ. ಹಾಲಿನಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಈ ಔಷಧವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಔಷಧ ಕರುಳಿನಿಂದ ರಕ್ತಕ್ಕೆ ಹೋಗದೆ ಮಲದಲ್ಲಿ ಹೊರಬೀಳುತ್ತದೆ. ಕಬ್ಬಿಣದ ಗುಳಿಗೆ, ಆಮ್ಲಶಮನಕಾರಿಗಳ ಪರಿಣಾಮವೂ ಇಂಥದೇ. ಹಾಲು, ಮಜ್ಜಿಗೆಗಳ ಸಮೃದ್ಧಿಯ ಗುಜರಾತಿನಲ್ಲಿ ಔಷಧವನ್ನು ಹಾಲಿನೊಡನೆ ಕೊಡುವುದು ತಾಯಂದಿರ ಅಕ್ಕರೆ. ಈ ಒಂದು ಔಷಧದ ಮಟ್ಟಿಗೆ ಆ ಅಕ್ಕರೆ ಚಿಕಿತ್ಸೆಗೆ ಅಡ್ಡಿ. ಬರಿಯ ನೀರಿನೊಡನೆ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಅನಂತರ ಎಂಬುದು ನಿಯಮ. ಡಾಕ್ಸಿಸೈಕ್ಲಿನ್ ಆಹಾರದಿಂದ ಅಷ್ಟಾಗಿ ಕೆಡುವುದಿಲ್ಲ. ಆದರೆ ಅದನ್ನು ನೀರಿಲ್ಲದೆ ನುಂಗಿ ಕೂಡಲೆ ಮಲಗಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಒಂದು ಲೋಟ ತುಂಬ ನೀರು, ಸ್ವಲ್ಪ ಹೊತ್ತು ಕುಳಿತಿರುವುದು, ಇವೂ ಔಷಧದ ಭಾಗಗಳೇ.

ಕ್ಯಾಲ್ಸಿಯಂ ಮೇಲಿನ ಈ ಒಲವೇ ಮತ್ತೊಂದು ನಿಷೇಧಕ್ಕೂ ಕಾರಣ. ಬೆಳೆಯುತ್ತಿರುವ ಹಲ್ಲು ಮೂಳೆಗಳಲ್ಲಿ ಕ್ಯಾಲ್ಸಿಯಂ ಶೇಖರವಾಗುವಾಗ ಟೆಟ್ರಾಸೈಕ್ಲಿನ್ ಜೊತೆಗೂಡಿ ನೆಲೆಸುತ್ತದೆ. ಹಲ್ಲುಗಳು ಶಾಶ್ವತವಾಗಿ ಹಳದಿ ಇಲ್ಲವೆ ಕಂದು ಬಣ್ಣಕ್ಕೆ ತಿರುಗುತ್ತವೆ. ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಸಾಮಾನ್ಯವಾಗಿ ಇದನ್ನು ಕೊಡದಿರುವುದು ಇದರಿಂದ. ಪ್ಲೇಗಿನಂಥ ಪ್ರಾಣಾಂತಕ ರೋಗದಲ್ಲಿ ವೈದ್ಯರು ಹಾನಿಲಾಭಗಳನ್ನು ತೂಗಿ ಈ ಕುಲದ ಔಷಧವನ್ನು ಬರೆಯಬಹುದು. ಆದರೆ ರೋಗಿ ಗರ್ಭಿಣಿಯೆಂಬುದು ವೈದ್ಯರಿಗೆ ತಿಳಿದಿದೆಯೇ ಎಂದು ಕೇಳುವ ಹೊಣೆ ದಾದಿಯದು. ಹಳೆಯ ದಾಸ್ತಾನಿನ ಪ್ರಶ್ನೆಯೂ ಇದೆ. ಕೆಟ್ಟುಹೋದ ಟೆಟ್ರಾಸೈಕ್ಲಿನ್ ನಿಷ್ಫಲವಾಗುವುದಷ್ಟೇ ಅಲ್ಲ, ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ರೋಗಿಗಳಲ್ಲಿ ಕಂಡುಬಂತು. ಅಭಾವದ ದಿನಗಳಲ್ಲಿ ಚೀಟಿಯ ಮೇಲಿನ ತಿಂಗಳನ್ನು ಓದುವವರು ಕಡಮೆ.

ಸೂರತ್ತಿನಲ್ಲಿಯೂ ಇತರೆಡೆಗಳಲ್ಲಿಯೂ ಜನ ರೋಗವಿಲ್ಲದೆಯೂ, ಲೆಕ್ಕವಿಲ್ಲದೆಯೂ ಟೆಟ್ರಾಸೈಕ್ಲಿನ್ ನುಂಗಿದರು. ಔಷಧದಿಂದ ಬದುಕಿದವರು ಅನೇಕರೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯೊಂದು ಪ್ರಯೋಗಾಲಯಗಳಲ್ಲಿ ಗೋಚರವಾಯಿತು. ಮೊದಲೇ ಔಷಧ ನುಂಗಿ ಬಂದವರ ಕಫ, ರಕ್ತಗಳಲ್ಲಿ ರೋಗಾಣುವನ್ನು ಬೆಳೆಸುವುದು ಕಷ್ಟವಾಯಿತು. ಬಂದುದು ಪ್ಲೇಗೇ ಅಲ್ಲವೇ ಎಂಬ ವಿವಾದ ತಜ್ಞರ ನಡುವೆ ಬಹುಕಾಲ ನಡೆಯಿತು. ವಿ. ರಾಮಲಿಂಗಸ್ವಾಮಿಯವರ ನೇತೃತ್ವದ ಸಮಿತಿ ಅದು ಪ್ಲೇಗೇ ಎಂದು ೧೯೯೫ರಲ್ಲಿ ನಿರ್ಣಯಿಸಿತು. ಅನಂತರದ ಡಿಎನ್‌ಎ ಪರೀಕ್ಷೆಗಳು ಅದನ್ನೇ ಸಮರ್ಥಿಸಿದವು. ಹೊತ್ತಲ್ಲದ ಹೊತ್ತಿನಲ್ಲಿ ತೆಗೆದುಕೊಂಡ ಮದ್ದು ರೋಗದ ಗುರುತನ್ನೇ ಅಳಿಸಿಹಾಕುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮಾದರಿಯನ್ನು ಸಂಗ್ರಹಿಸಿದ ಅನಂತರವೇ ಪ್ರತಿಜೈವಿಕದ ಮೊದಲ ಮಾತ್ರೆ ಎಂಬ ವಾರ್ಡಿನ ರೂಢಿಗೆ ಇಲ್ಲಿ ಆಧಾರವಿದೆ. ರೋಗಿ ತೀರ ವಿಷಮಸ್ಥಿತಿಯಲ್ಲಿದ್ದರೆ ಮಾತ್ರ ಕಾಯಬಾರದು.

ಪ್ಲೇಗಿನ ಚರಿತ್ರೆಯಲ್ಲೇ ಚುಚ್ಚುಮದ್ದಿನ ಪಾಠವೂ ಇದೆ. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ೧೦೭ ಜನರಿಗೆ ಹಾಫ್ಕಿನ್ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಶೀಶೆಯಿಂದ ಲಸಿಕೆ ಪಡೆದ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಆ ಶೀಶೆಯ ಬಿರಡೆ ತೆಗೆದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದರು. ಹಾಫ್ಕಿನ್ ಅವರು ಅಪವಾದದಿಂದ ಮುಕ್ತರಾಗಲು ವರ್ಷಗಳೇ ಬೇಕಾದವು. ನೂರು ವರ್ಷಗಳ ಮೇಲೆ, ೨೦೦೯ರಲ್ಲಿ, ಅಹಮದಾಬಾದಿನ ಈಶಾನ್ಯಕ್ಕಿರುವ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತಾಗ ಕಾರಣವಾಗಿ ತೋರಿಬಂದುದು ಒಮ್ಮೆ ಬಳಸಿದ ಸಿರಿಂಜು, ಸೂಜಿಗಳ ಮರುಬಳಕೆ. ಔಷಧ ಸರಿಯಾದುದೇ ಇರಬಹುದು, ಅಳತೆಯೂ ಸರಿಯಿರಬಹುದು. ಸೂಜಿಯ ತುದಿಯಲ್ಲಿ ಬಂದುದು ಬೇರೆ.

ದಾದಿಯರಿಗೆ ಕಲಿಸುವ ಐದು ಪ್ರಶ್ನೆಗಳು ಪ್ರಸಿದ್ಧವಾಗಿವೆ: ಯಾರಿಗೆ, ಯಾವುದನ್ನು, ಎಷ್ಟು, ಯಾವ ಮಾರ್ಗದಿಂದ, ಯಾವಾಗ. ವ್ಯಾಕರಣ ಬಲ್ಲವರಿಗೆ ಇದರಲ್ಲಿ ಕಾರಕಗಳು ಕಾಣುತ್ತವೆ. ‘ಕೊಡು’ ಎಂಬ ಕ್ರಿಯೆಗೆ ಸಂಪ್ರದಾನ, ಕರ್ಮ, ಕರಣ, ಅಧಿಕರಣಗಳು ಸೇರಿದರೆ ವಾಕ್ಯ ಪೂರ್ಣ. ಒಂದು ಲೋಪವಾದರೂ ಆಕಾಂಕ್ಷೆ ಉಳಿಯುತ್ತದೆ. ವೈದ್ಯರ ಚೀಟಿಯಲ್ಲಿ ಆಕಾಂಕ್ಷೆ ಉಳಿದಿದ್ದರೆ ಅದನ್ನು ಊಹೆಯಿಂದ ತುಂಬುವ ಅಧಿಕಾರ ದಾದಿಗಿಲ್ಲ, ಕೇಳಿಯೇ ತಿಳಿಯಬೇಕು. ‘ಎಷ್ಟು’ ಎಂಬಲ್ಲಿ ಲೆಕ್ಕ ಬರುತ್ತದೆ. ಒಂದು ಗ್ರಾಮ್ ಸ್ಟ್ರೆಪ್ಟೊಮೈಸಿನ್ ಕರಗಿಸಿದ ಮೇಲೆ ಒಟ್ಟು ದ್ರಾವಣ ೪ ಮಿಲಿಲೀಟರ್ ಆಗಿದ್ದು, ಕೊಡಬೇಕಾದುದು ಮುಕ್ಕಾಲು ಗ್ರಾಮ್ ಎಂದಾದರೆ, ತೆಗೆಯಬೇಕಾದುದು ೩ ಮಿಲಿಲೀಟರ್. ಇದು ಸುಲಭ. ಇನ್ಸುಲಿನ್ನಿನಲ್ಲಿ ಎಚ್ಚರ ಹೆಚ್ಚು ಬೇಕು. ನಮ್ಮ ದೇಶದಲ್ಲಿ ಮಿಲಿಲೀಟರಿಗೆ ೪೦ ಘಟಕಗಳ ಶೀಶೆಯೂ ೧೦೦ ಘಟಕಗಳದೂ ಬಳಕೆಯಲ್ಲಿವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ೪೦ರ ಶೀಶೆಯಿಂದ ೧೦೦ರ ಸಿರಿಂಜಿನಲ್ಲಿ ‘೨೦’ರ ಗೆರೆಯವರೆಗೆ ಎಳೆದರೆ ರೋಗಿಗೆ ಸಲ್ಲುವುದು ೮ ಘಟಕ. ೧೦೦ರ ಶೀಶೆಯಿಂದ ೪೦ರ ಸಿರಿಂಜಿನಲ್ಲಿ ಅದೇ ‘೨೦’ರವರೆಗೆ ಎಳೆದರೆ ಸಲ್ಲುವುದು ೫೦ ಘಟಕ; ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ. ಎರಡು ಸಲವೂ ದಾದಿ ಓದಿದ ಅಂಕಿ ಒಂದೇ.

‘ಯಾರಿಗೆ’ ಎಂಬುದು ಹಾಸಿಗೆಯ ಸಂಖ್ಯೆಯಲ್ಲ. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು. ‘ರಮೇಶಭಾಯಿ ನೀವೇ ತಾನೆ?’ ಎಂದರೆ ಜ್ವರದ ಮಂಪರಿನಲ್ಲಿರುವವನು ಯಾವ ಹೆಸರಿಗೂ ತಲೆಯಾಡಿಸುತ್ತಾನೆ. ಹೆಸರಿಗಿಂತ ಆಚೆಗೂ ಈ ಪ್ರಶ್ನೆ ಚಾಚುತ್ತದೆ. ಅಹಮದಾಬಾದಿನ ವಾರ್ಡುಗಳಲ್ಲಿ ಚೌವಿಹಾರ ಪಾಲಿಸುವ ಜೈನರು ಇರುತ್ತಾರೆ: ಸೂರ್ಯಾಸ್ತವಾದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಆರು ಗಂಟೆಗೊಮ್ಮೆ ಎಂಬ ಆದೇಶ ಇವರ ಮುಂದೆ ಕಾಗದದಲ್ಲಿಯೇ ಉಳಿಯುತ್ತದೆ. ರೋಗಿ ಗುಳಿಗೆಯನ್ನು ದಿಂಬಿನಡಿ ಇಟ್ಟು ಸುಮ್ಮನಾಗಬಹುದು. ಕ್ಯಾಪ್ಸೂಲಿನ ಹೊರಕವಚದ ಜೆಲಟಿನ್ ಸಾಮಾನ್ಯವಾಗಿ ಪ್ರಾಣಿಜನ್ಯ ಎಂಬುದೂ ಅವರಿಗೆ ಸಣ್ಣ ಸಂಗತಿಯಲ್ಲ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ವಿಧಿಸಿದ ಜಗದ್ದಳ ಸೋಮನಾಥನನ್ನು ಓದಿದ ಕನ್ನಡಿಗನಿಗೆ ಈ ತೊಡಕು ಹೊಸದೆನಿಸದು. ರೋಗಿಯ ವ್ರತವನ್ನು ಹಾಸ್ಯಮಾಡದೆ, ಮುಚ್ಚಿಡದೆ, ವೈದ್ಯರಿಗೆ ತಿಳಿಸಿದರೆ ದಿನಕ್ಕೊಮ್ಮೆಯ ಔಷಧವನ್ನೋ ಗುಳಿಗೆಯ ರೂಪವನ್ನೋ ಅವರು ಆರಿಸಬಲ್ಲರು. ರಂಜಾನಿನ ಉಪವಾಸಕ್ಕೂ ಇದೇ ಕ್ರಮ.

ಕನ್ನಡ ಮನೆಮಾತಿನ ದಾದಿಯೊಬ್ಬಳು ಗುಜರಾತಿನ ಆಸ್ಪತ್ರೆಗೆ ಕೆಲಸಕ್ಕೆ ಹೋದರೆ ‘ದವಾ’, ‘ದವಾಖಾನು’ಗಳು ಉತ್ತರ ಕರ್ನಾಟಕದ ದವಾಖಾನೆಯಿಂದಾಗಿ ಪರಿಚಿತವೇ. ಅಪಾಯವಿರುವುದು ಸಂಖ್ಯಾವಾಚಕಗಳಲ್ಲಿ. ‘ಪಚ್ಚೀಸ್’ ಇಪ್ಪತ್ತೈದು, ‘ಪಚಾಸ್’ ಐವತ್ತು. ದೂರವಾಣಿಯಲ್ಲಿ ಇವೆರಡರ ಅಂತರ ಒಂದು ಸ್ವರ. ಕನ್ನಡದ ‘ಒಂದೂವರೆ’, ‘ಎರಡೂವರೆ’ಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಗುಜರಾತಿಯ ‘ದೋಢ್’ ಒಂದೂವರೆ. ಹಿಂದಿ ಬಲ್ಲ ಕನ್ನಡಿಗಳಿಗೆ ಅದರಲ್ಲಿ ‘ದೋ’ ಕೇಳಿಸೀತು. ‘ಅಢೀ’ ಎರಡೂವರೆ. ‘ಕಾಲೆ’ ಎಂಬ ಒಂದೇ ಪದ ನಿನ್ನೆಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ಕ್ರಿಯಾಪದದ ಕಾಲವನ್ನು ಕೇಳಿಸಿಕೊಳ್ಳದಿದ್ದರೆ ತೆಗೆದುಕೊಂಡ ಔಷಧವೋ ತೆಗೆದುಕೊಳ್ಳಬೇಕಾದುದೋ ತಿಳಿಯದು. ಬಾಯಿಮಾತಿನ ಆದೇಶವನ್ನು ಬರೆದುಕೊಂಡು ಮರಳಿ ಓದಿ ಹೇಳುವುದು, ಐವತ್ತನ್ನು ‘ಐದು, ಸೊನ್ನೆ’ ಎಂದು ಅಂಕಿ ಅಂಕಿಯಾಗಿ ಹೇಳುವುದು ರೂಢಿಯಾಗಿರುವುದು ಇದಕ್ಕಾಗಿಯೇ. ಬರಹದಲ್ಲೂ ಸಂಕ್ಷೇಪಗಳು ಕಾಡುತ್ತವೆ. ‘ಓ.ಡಿ.’ ಎಂದರೆ ದಿನಕ್ಕೊಮ್ಮೆ ಎಂದು ನಮ್ಮಲ್ಲಿ ರೂಢಿ. ಕಣ್ಣಿನ ವಿಭಾಗದಲ್ಲಿ ಅದೇ ಅಕ್ಷರಗಳಿಗೆ ಬಲಗಣ್ಣು ಎಂದರ್ಥ. ಒಂದು ಮಿಲಿಗ್ರಾಮನ್ನು ‘೧.೦’ ಎಂದು ಬರೆದಾಗ ಬಿಂದು ಮಾಸಿದರೆ ಅದು ಹತ್ತಾಗುತ್ತದೆ. ಪಾಠಾಂತರಗಳ ಮೇಲೆ ಗ್ರಂಥಸಂಪಾದಕರು ಪುಟಗಟ್ಟಲೆ ಬರೆಯುತ್ತಾರೆ. ಇಲ್ಲಿ ಪಾಠದೋಷ ರೋಗಿಯ ಮೈಮೇಲೆ ನಡೆಯುತ್ತದೆ.

ಸೂರತ್ತಿನ ಮಗ್ಗಗಳಲ್ಲಿ, ವಜ್ರದ ಕಾರ್ಖಾನೆಗಳಲ್ಲಿ ದುಡಿಯುವವರು ಸೌರಾಷ್ಟ್ರದಿಂದಲೂ ಒಡಿಶಾ, ಉತ್ತರ ಪ್ರದೇಶ, ಮಹಾರಾಷ್ಟ್ರಗಳಿಂದಲೂ ಬಂದವರು. ಇಂಗ್ಲಿಷಿನ ಚೀಟಿ ಅವರಲ್ಲಿ ಅನೇಕರಿಗೆ ಓದಲು ಬಾರದು. ಇಂಥ ರೋಗಿ ಮನೆಗೆ ಹೊರಡುವಾಗ ‘ತಿಳಿಯಿತೇ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಖ೦ಡಿತ ಬರುತ್ತದೆ, ಅದರಿಂದ ತಿಳಿಯುವುದು ಏನೂ ಇಲ್ಲ. ಅನುಭವಸ್ಥ ದಾದಿಯರು ಕೇಳುವುದು ಬೇರೆ ಬಗೆಯಲ್ಲಿ: ‘ಇದನ್ನು ಎಷ್ಟು ಹೊತ್ತಿಗೆ, ಯಾವುದರ ಜೊತೆ ತೆಗೆದುಕೊಳ್ಳುತ್ತೀರಿ, ನನಗೆ ಹೇಳಿ.’ ರೋಗಿ ‘ಬೆಳಗ್ಗೆ ಹಾಲಿನ ಜೊತೆ’ ಎಂದರೆ ಮತ್ತೊಮ್ಮೆ ಮೊದಲಿನಿಂದ ಹೇಳಲು ತೊಡಗುತ್ತಾರೆ.